ಬಾವು, ದಮ್ಮು, ಹೃದ್ರೋಗ: ಮಲಪ್ರಭೆಯ ಸೀಮೆಯಲ್ಲಿ ಒಂದು ವ್ಯಾಧಿಯ ಹೆಸರುಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಆಡುಮಾತಿನಲ್ಲಿ ‘ಹಾರ್ಟ್‌ಫೇಲ್’ ಎಂಬ ಪದಕ್ಕೆ ಒಂದೇ ಅರ್ಥವುಂಟು, ಅದು ಮರಣ. ನಿಂತವನು ನಿಂತಂತೆಯೇ ಕುಸಿದು ಪ್ರಾಣಬಿಟ್ಟರೆ ‘ಹಾರ್ಟ್‌ಫೇಲ್ ಆಗಿ ಹೋದ’ ಎನ್ನುವರು. ಈ ರೂಢಿ ಈ ಸೀಮೆಗೆ ಮಾತ್ರ ಸೇರಿದುದಲ್ಲ, ಕನ್ನಡನಾಡಿನಲ್ಲೆಲ್ಲ ಕೇಳಿಬರುವುದು. ವೈದ್ಯಶಾಸ್ತ್ರದಲ್ಲಿಯಾದರೋ ಅದೇ ಪದವು ಬದುಕಿರುವವನ ವ್ಯಾಧಿಯೊಂದನ್ನು ಹೇಳುತ್ತದೆ. ಶರೀರಕ್ಕೆ ಬೇಕಾದಷ್ಟು ರಕ್ತವನ್ನು ಹೃದಯವು ನೂಕಲಾರದೆ ಹೋದಾಗ, ಅಥವಾ ತನ್ನೊಳಗಿನ ಒತ್ತಡವನ್ನು ಏರಿಸಿಕೊಂಡಲ್ಲದೆ ನೂಕಲಾರದಾದಾಗ, ರಕ್ತವು ಹಿಂದೆ ನಿಂತು, ಶ್ವಾಸಕೋಶಗಳಲ್ಲಿಯೂ ಕಾಲುಗಳಲ್ಲಿಯೂ ಹೊಟ್ಟೆಯಲ್ಲಿಯೂ ನೀರು ಸೇರುವುದು. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ರೋಗ, ಚಿಕಿತ್ಸೆಯುಳ್ಳ ರೋಗ. ‘ಹೃದಯವೈಫಲ್ಯ’ವೆಂಬ ಗ್ರಂಥಸ್ಥವಾದ ಪದವೂ ಈ ತೊಡಕನ್ನು ಬಿಡಿಸಿಲ್ಲ; ವಿಫಲವಾದುದು ಮುಗಿದುಹೋದುದೆಂದೇ ಕೇಳುವವನು ತಿಳಿಯುವನು. ‘ಹೃದಯದೌರ್ಬಲ್ಯ’ವೆಂದು ಮೊದಲೇ ಹೆಸರಿಟ್ಟಿದ್ದರೆ ಮೇಲಾಗುತ್ತಿತ್ತು.

ಹೊಸ ಪದವು ಹೀಗೆ ಮರಣಕ್ಕೆ ಮೀಸಲಾದುದರಿಂದ ಬದುಕಿರುವ ರೋಗಿಯ ಕಷ್ಟಕ್ಕೆ ಹಳೆಯ ಹೆಸರುಗಳೇ ಉಳಿದುವು. ಕಾಲು ಊದಿದರೆ ಬಾವು. ಉಸಿರು ಸಿಕ್ಕಿಕೊಂಡರೆ ದಮ್ಮು ಅಥವಾ ಉಬ್ಬಸ. ಹೊಟ್ಟೆಯಲ್ಲಿ ನೀರು ತುಂಬಿದರೆ ಜಲೋದರ. ಇವು ಮೂರೂ ಎಷ್ಟೋ ವೇಳೆ ಒಂದೇ ಬೇರಿನ ಚಿಗುರುಗಳೆಂಬುದು ಈ ಹೆಸರುಗಳಿಂದ ತಿಳಿಯುವುದಿಲ್ಲ. ಆದರೆ ಈ ವಿಂಗಡಣೆ ಕೇವಲ ಅಜ್ಞಾನದಿಂದ ಹುಟ್ಟಿತೆಂದು ಹೇಳುವುದು ಸರಿಯಲ್ಲ. ಅದರ ಹಿಂದೆ ದೀರ್ಘವಾದೊಂದು ಶಾಸ್ತ್ರಪರಂಪರೆಯಿರುವುದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಾವಿಗೆ, ಎಂದರೆ ಶ್ವಯಥುವಿಗೆ, ಹನ್ನೆರಡನೆಯ ಅಧ್ಯಾಯವು ಮೀಸಲಾಗಿದೆ, ಉದರರೋಗಗಳಿಗೆ ಹದಿಮೂರನೆಯದು, ಬಿಕ್ಕಳಿಕೆ ಮತ್ತು ಶ್ವಾಸಗಳಿಗೆ ಹದಿನೇಳನೆಯದು. ಹೃದ್ರೋಗದ ಮಾತು ಬರುವುದು ಬಹುದೂರ ಸಾಗಿದ ಮೇಲೆ, ಮೂರು ಮರ್ಮಗಳನ್ನು ಕುರಿತ ಇಪ್ಪತ್ತಾರನೆಯ ಅಧ್ಯಾಯದಲ್ಲಿ. ಅಲ್ಲಿ ವಾತ, ಪಿತ್ತ, ಕಫ, ಸನ್ನಿಪಾತ, ಕ್ರಿಮಿ ಎಂದು ಹೃದ್ರೋಗವನ್ನು ಐದು ಬಗೆಯಾಗಿ ಎಣಿಸಿದೆ. ಆದರೆ ಹೃದಯದ ಬಲ ಕುಂದಿದುದೇ ಕಾಲಿನ ಬಾವಿಗೂ ರಾತ್ರಿಯ ಶ್ವಾಸಕ್ಕೂ ಕಾರಣವಾಗಬಹುದೆಂಬ ಸಂಬಂಧವು ಅಲ್ಲಿ ಸಿದ್ಧಾಂತವಾಗಿ ಏರ್ಪಟ್ಟಿಲ್ಲ. ಏರ್ಪಡುವುದೂ ಸಾಧ್ಯವಿರಲಿಲ್ಲ, ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುವುದೆಂದು ವಿಲಿಯಂ ಹಾರ್ವೆ ತೋರಿಸಿದುದು ೧೬೨೮ರಲ್ಲಿ. ಕಾರಣವು ತಿಳಿಯದಿದ್ದರೂ ಪಥ್ಯವು ಮಾತ್ರ ತಿಳಿದಿತ್ತು. ಉದರರೋಗಿಯು ಉಪ್ಪಿನ ಆಹಾರವನ್ನೂ ನೀರು ಕುಡಿಯುವುದನ್ನೂ ಬಿಡಬೇಕೆಂದು ಚರಕನು ವಿಧಿಸಿರುವನು. ಉಪ್ಪು ನೀರನ್ನು ಹಿಡಿದಿಡುವುದೆಂಬ ಇಂದಿನ ವಿವರಣೆ ಅವನಿಗೆ ದೊರೆತಿರಲಿಲ್ಲ. ರೋಗಿಯ ಹಾಸಿಗೆಯ ಬಳಿಯಲ್ಲಿ ಕಂಡುಕೊಂಡ ಮಾತದು.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ರಟ್ಟರು ಸುಗಂಧವರ್ತಿಯನ್ನು, ಎಂದರೆ ಇಂದಿನ ಸವದತ್ತಿಯನ್ನು, ನೆಲೆಯಾಗಿ ಮಾಡಿಕೊಂಡು ಕುಂಡಿ ಮೂರು ಸಾವಿರವನ್ನು ಆಳಿದ ಶತಮಾನಗಳಲ್ಲಿಯೇ ಚಾವುಂಡರಾಯನ ‘ಲೋಕೋಪಕಾರ’ವೂ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಹುಟ್ಟಿದುವು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನೇ ವಿಷಯವನ್ನಾಗಿ ಮಾಡಿಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಪುಸ್ತಕದ ಹೊರಗೆ, ಹೊಳೆದಂಡೆಯ ಮತ್ತಿಯ ಮರದ ತೊಗಟೆ, ಎಂದರೆ ಸಂಸ್ಕೃತದ ಅರ್ಜುನ, ಎದೆಯ ರೋಗಕ್ಕೂ, ಪುನರ್ನವೆಯೆಂಬ ಕೊಮ್ಮೆಗಿಡ ಬಾವಿಗೂ ಮದ್ದಾಗಿ ಬಂದುವು. ಎದೆಯ ಮದ್ದೇ ಬೇರೆ, ಬಾವಿನ ಮದ್ದೇ ಬೇರೆ. ಹೆಸರುಗಳಂತೆ ಔಷಧಿಗಳೂ ವಿಂಗಡವಾಗಿಯೇ ಇದ್ದುವು.

ಈ ಸೀಮೆಯ ಇತಿಹಾಸದಲ್ಲಿ ರೋಗಶಯ್ಯೆಯೊಂದು ರಾಜ್ಯದ ಗತಿಯನ್ನೇ ಬದಲಿಸಿದುದುಂಟು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯು ೧೮೧೬ರಲ್ಲಿ, ಪೇಶ್ವೆಯ ಸೆರೆಯಿಂದ ಬಿಡುಗಡೆಯಾದ ವರ್ಷದಲ್ಲಿಯೇ, ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು ವ್ಯಾಧಿಗ್ರಸ್ತನಾಗಿ ೧೮೨೪ರ ಸೆಪ್ಟೆಂಬರಿನಲ್ಲಿ ಗತಿಸಿದನು. ಅವನು ದತ್ತು ಸ್ವೀಕರಿಸಿದುದು ಬದುಕಿದ್ದಾಗಲೇ, ಪತ್ರದಲ್ಲಿರುವ ಸಹಿ ಅವನದೇ ಎಂಬ ಪ್ರಶ್ನೆಗಳನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಎತ್ತಿದನು. ಆ ಸಂಶಯದ ಕೊನೆ ಅಕ್ಟೋಬರ್ ೨೩ರ ಯುದ್ಧ, ಥ್ಯಾಕರೆಯ ಮರಣ. ಈ ದೇಸಾಯಿಗಳ ವ್ಯಾಧಿಗಳಿಗೆ ಇಂದು ಹೃದ್ರೋಗದ ಹೆಸರಿಡಹೊರಡುವುದು ಇತಿಹಾಸಕ್ಕೆ ತಕ್ಕ ಕೆಲಸವಲ್ಲ. ಕಾಲದ ಸಾಮ್ಯವನ್ನು ಮಾತ್ರ ಗಮನಿಸಬಹುದು. ಮಲ್ಲಸರ್ಜನು ತೀರಿಕೊಂಡ ೧೮೧೬ರಲ್ಲಿಯೇ ಪ್ಯಾರಿಸಿನ ಲಾನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿಸುತ್ತಿ ರೋಗಿಯ ಎದೆಗಿಟ್ಟು ಕೇಳಿ, ಸ್ಟೆತೊಸ್ಕೋಪಿಗೆ ಮೊದಲುಮಾಡಿದನು. ಅವನ ಗ್ರಂಥ ಹೊರಬಿದ್ದುದು ೧೮೧೯ರಲ್ಲಿ. ೧೮೨೯ರಲ್ಲಿ ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ಕಣ್ಮುಚ್ಚುವ ಹೊತ್ತಿಗೆ ಲಾನೆಕ್ ಸತ್ತು ಸುಮಾರು ಎರಡೂವರೆ ವರ್ಷಗಳಾಗಿದ್ದುವು.

ಯೂರೋಪಿನವರೂ ಬಹುಕಾಲ ಹೆಸರುಗಳ ತೊಡಕಿನಲ್ಲಿಯೇ ಇದ್ದರೆಂಬುದನ್ನು ಮರೆಯಲಾಗದು. ಅಲ್ಲಿ ನೀರು ತುಂಬಿ ಊದುವ ರೋಗಕ್ಕೆ ‘ಡ್ರಾಪ್ಸಿ’ ಎಂದು ಹೆಸರು. ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನಿಗೆ ೧೭೭೫ರಲ್ಲಿ ಶ್ರಾಪ್‌ಷೈರಿನ ಮುದುಕಿಯೊಬ್ಬಳ ಮನೆಮದ್ದಿನ ಸುದ್ದಿ ತಿಳಿಯಿತು. ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಕಷಾಯದಲ್ಲಿ ಗುಣವಿದ್ದುದು ಡಿಜಿಟಾಲಿಸ್ ಒಂದಕ್ಕೇ ಎಂದು ಅವನು ಕಂಡುಕೊಂಡು, ಹತ್ತು ವರ್ಷ ಪ್ರಯೋಗಿಸಿ, ೧೭೮೫ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಗುಣವಾಗದಿದ್ದ ರೋಗಿಗಳ ವೃತ್ತಾಂತವನ್ನೂ ಅವನು ಮರೆಮಾಚದೆ ಬರೆದುದು ಮೆಚ್ಚತಕ್ಕ ಸಂಗತಿ. ಆದರೂ ಅವನ ಕಣ್ಣಿನಲ್ಲಿ ಅದು ಮೂತ್ರವನ್ನು ಹೆಚ್ಚಿಸಿ ಡ್ರಾಪ್ಸಿಯನ್ನಿಳಿಸುವ ಮದ್ದು. ಹೃದಯದ ಬಡಿತದ ಮೇಲೆ ಅದಕ್ಕೆ ಅಧಿಕಾರವುಂಟೆಂದು ಗಮನಿಸಿದ್ದನೇ ಹೊರತು ರೋಗದ ಬೇರು ಹೃದಯದಲ್ಲಿದೆಯೆಂದು ನಿರ್ಣಯಿಸಿರಲಿಲ್ಲ. ಹೃದಯದಿಂದ ಹುಟ್ಟುವ ಉಬ್ಬಸವನ್ನು ಶ್ವಾಸನಾಳದ ಉಬ್ಬಸದಿಂದ ಬೇರ್ಪಡಿಸುವ ಹೆಸರು ಇಂಗ್ಲೆಂಡಿನಲ್ಲಿ ಜೇಮ್ಸ್ ಹೋಪನಿಂದ ೧೮೩೦ರ ದಶಕದಲ್ಲಿ ಬಂದಿತು.

ಡಿಜಿಟಾಲಿಸ್ ಈ ಬಯಲುಸೀಮೆಯ ಗಿಡವಲ್ಲ. ಆದರೆ ಅದರ ಜಾತಿಯ ಸತ್ತ್ವವು ಇಲ್ಲಿಯ ಬೇಲಿ ತೋಟಗಳ ಕಣಗಿಲೆಯಲ್ಲಿಯೇ ಇದೆ. ಸುಶ್ರುತನು ಇದನ್ನು ಅಶ್ವಮಾರವೆಂಬ ಹೆಸರಿನಿಂದ ಬೇರಿನ ವಿಷಗಳಲ್ಲಿ ಎಣಿಸಿರುವನು. ಕುದುರೆಯನ್ನು ಕೊಲ್ಲುವುದೆಂದು ಆ ಹೆಸರಿನ ಅರ್ಥ. ಅಮೆರಿಕದಿಂದ ಬಂದು ಇಲ್ಲಿ ನೆಲಸಿದ ಹಳದಿ ಕಣಗಿಲೆಯ ಬೀಜದಿಂದ ತೆಗೆದ ಪೆರುವೊಸೈಡ್ ಎಂಬ ಸತ್ತ್ವವನ್ನು ೧೯೬೦ರ ದಶಕದಲ್ಲಿ ಭಾರತದ ವೈದ್ಯರು ಹೃದಯದೌರ್ಬಲ್ಯದ ರೋಗಿಗಳಲ್ಲಿ ಪ್ರಯೋಗಿಸಿದುದುಂಟು. ಮದ್ದಿನ ಪ್ರಮಾಣಕ್ಕೂ ಮರಣದ ಪ್ರಮಾಣಕ್ಕೂ ನಡುವೆ ಅಂತರವು ಬಹು ಕಡಿಮೆಯಾದುದರಿಂದ ಈ ಬೀಜವು ಮನೆಮದ್ದಾಗತಕ್ಕುದಲ್ಲ. ಅದನ್ನು ತಿಂದವರ ಹೃದಯಬಡಿತ ಕೆಟ್ಟು ಸಾವು ಸಂಭವಿಸುವುದು.

ಹೊಸ ವೈದ್ಯವು ಈ ಸೀಮೆಗೆ ಹೊರಗಿನ ಊರುಗಳ ಮೂಲಕವೇ ಬರಬೇಕಾಯಿತು. ಪಣಜಿಯ ವೈದ್ಯಶಾಲೆ ೧೮೪೨ರಲ್ಲಿಯೂ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು ೧೮೪೫ರಲ್ಲಿಯೂ ಆರಂಭವಾದುವು. ೧೮೯೪ರಲ್ಲಿ ವಾನ್ಲೆಸ್ ಎಂಬ ಮಿಶನರಿ ವೈದ್ಯನ ಆಸ್ಪತ್ರೆ ಮಿರಜಿನಲ್ಲಿ ತೆರೆಯಿತು. ಆಗ ಬೈಲಹೊಂಗಲವು ಸಂಪಗಾಂವ ತಾಲೂಕಿನ ಮುಖ್ಯಸ್ಥಳ, ಸವದತ್ತಿಯು ಪರಸಗಡ ತಾಲೂಕಿನದು. ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದುವು. ರಾಮದುರ್ಗವಾದರೋ ೧೯೪೮ರವರೆಗೆ ಬೇರೆ ಸಂಸ್ಥಾನ. ವೈದ್ಯಕೀಯ ಕಾಲೇಜುಗಳು ಹತ್ತಿರಕ್ಕೆ ಬಂದುದು ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬೆಳಗಾವಿಯಲ್ಲಿ ೧೯೬೩ರಲ್ಲಿ. ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಇವು ಸಮೀಪವಾದಷ್ಟು ರಾಮದುರ್ಗಕ್ಕೆ ಆಗಲಿಲ್ಲ; ಅಲ್ಲಿಂದ ಬೆಳಗಾವಿಗೆ ಇಂದಿಗೂ ಸುಮಾರು ನೂರು ಕಿಲೋಮೀಟರುಗಳ ದಾರಿ.

ಆದರೆ ದಾರಿಗಿಂತ ಹೆಸರೇ ಹೆಚ್ಚು ತಡೆಯೊಡ್ಡುವುದುಂಟು. ದಮ್ಮೆಂದು ತಿಳಿದವನು ದಮ್ಮಿನ ಮದ್ದನ್ನೇ ಹುಡುಕುವನು. ಬಾವೆಂದು ತಿಳಿದವನು ಬಾವಿಗೆ ಲೇಪವನ್ನು. ಇವೆರಡನ್ನೂ ಕೂಡಿಸಿ ವಿಚಾರಿಸುವ ವೈದ್ಯನ ಬಳಿಗೆ ಬರುವಷ್ಟರಲ್ಲಿ ಹೃದಯವು ಇನ್ನಷ್ಟು ಬಳಲಿರುವುದು. ಮೊದಲ ಪರೀಕ್ಷೆಗೆ ಯಂತ್ರವೇ ಬೇಕೆಂಬುದಿಲ್ಲ. ೧೯೨೮ರಲ್ಲಿ ನ್ಯೂಯಾರ್ಕಿನ ಹೃದಯಸಂಘದವರು ಎಷ್ಟು ಶ್ರಮಕ್ಕೆ ಉಸಿರು ಕಟ್ಟುವುದೆಂಬುದನ್ನು ನೋಡಿ ರೋಗವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಆ ಕ್ರಮ ಇಂದಿಗೂ ನಡೆಯುತ್ತಿದೆ. ಸವದತ್ತಿಯ ಸುತ್ತಿನವರಿಗೆ ಇದಕ್ಕೆ ಬೇರೆ ಅಳತೆಗೋಲು ಬೇಡ. ಹೋದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡವನ್ನು ನಡೆದೇರಿದವಳು ಈ ಹುಣ್ಣಿಮೆಗೆ ಎಷ್ಟು ಕಡೆ ಕುಳಿತಳೆಂದು ಕೇಳಿದರೆ ಸಾಕು. ಅಂಗಾತ ಮಲಗಿದರೆ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬಿಡಬೇಕಾಗುವುದು, ನಡುರಾತ್ರಿಯಲ್ಲಿ ಎದ್ದು ಕುಳಿತು ಕಿಟಕಿಯ ಗಾಳಿಗೆ ಮುಖವೊಡ್ಡುವುದು, ಕಣಕಾಲನ್ನು ಬೆರಳಿನಿಂದೊತ್ತಿದರೆ ಕುಳಿ ಬಿದ್ದು ಕೆಲಕಾಲ ನಿಲ್ಲುವುದು, ಕುಳಿತಿರುವಾಗಲೂ ಕೊರಳಿನ ನರ ಉಬ್ಬಿರುವುದು: ಇವು ಕೂಡಿ ಬಂದರೆ ದಮ್ಮೆಂದು ಸುಮ್ಮನಿರಬಾರದು. ಸ್ಟೆತೊಸ್ಕೋಪಿಗೆ ಶ್ವಾಸಕೋಶಗಳ ಬುಡದಲ್ಲಿ ಚಿಟಚಿಟ ಶಬ್ದ ಕೇಳುವುದುಂಟು. ಆ ಮೇಲೆ ಯಂತ್ರಗಳು. ಐಂತೋವನನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿದ್ಧಗೊಳಿಸಿದ ಇ.ಸಿ.ಜಿ. ಹೃದಯದ ವಿದ್ಯುತ್ತನ್ನು ಬರೆಯುವುದು. ೧೯೫೩ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹೆರ್ಟ್ಸ್ ಎಂಬವರು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಹೃದಯದ ಚಲನೆಯನ್ನು ಕಾಣುವ ಉಪಾಯವನ್ನು ಕಂಡುಹಿಡಿದರು. ಎಕೊ ಪರೀಕ್ಷೆಯೆಂದು ಇಂದು ಎಲ್ಲರೂ ಕರೆಯುವುದು ಇದನ್ನೇ. ಎಡಹೃದಯದಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಪ್ರತಿ ಬಡಿತಕ್ಕೆ ಹೊರಬೀಳುವುದೆಂಬುದು ಇದರಿಂದ ತಿಳಿಯುವುದು. ನಲವತ್ತು ಅಥವಾ ಅದಕ್ಕೂ ಕಡಮೆಯಾದರೆ ಬಲ ಕುಂದಿದೆಯೆಂದು ಗಣನೆ. ಐವತ್ತಕ್ಕೆ ಮೇಲಿದ್ದರೂ ಹೃದಯವು ಪೆಡಸಾಗಿ ತುಂಬಿಕೊಳ್ಳಲಾರದೆ ಅದೇ ರೋಗ ಬರುವುದುಂಟು; ಬಹುಕಾಲದ ರಕ್ತದ ಒತ್ತಡವುಳ್ಳ ವೃದ್ಧರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಇದು ಹೆಚ್ಚು.

ಚಿಕಿತ್ಸೆಯ ಕಥೆಯಲ್ಲಿ ವಿಷಗಳ ಪಾತ್ರ ದೊಡ್ಡದು. ಮಂಗರಾಜನಿದ್ದಿದ್ದರೆ ಅವನಿಗೆ ಇದು ರುಚಿಸುತ್ತಿತ್ತು. ೧೯೧೯ರಲ್ಲಿ ವಿಯೆನ್ನಾದಲ್ಲಿ ಉಪದಂಶಕ್ಕೆಂದು ಕೊಟ್ಟ ಪಾದರಸದ ಔಷಧಿಯೊಂದು ಹೇರಳವಾಗಿ ಮೂತ್ರವನ್ನು ಹೊರಡಿಸಿತು. ಮುಂದಿನ ನಾಲ್ಕು ದಶಕಗಳ ಕಾಲ ಬಾವಿಳಿಸುವ ಮುಖ್ಯ ಸಾಧನ ಪಾದರಸವೇ ಆಯಿತು. ೧೯೫೦ರ ದಶಕದ ಕೊನೆಯಿಂದ ನಿರಪಾಯವಾದ ಗುಳಿಗೆಗಳು ಅದರ ಸ್ಥಾನವನ್ನು ಹಿಡಿದುವು. ೧೯೬೫ರಲ್ಲಿ ಬ್ರೆಜಿಲಿನ ಫೆರೇರ ಎಂಬ ವಿಜ್ಞಾನಿಯು ಜರರಾಕ ಎಂಬ ಹಾವಿನ ವಿಷದಲ್ಲಿ ಕಂಡುಕೊಂಡ ಅಂಶದ ಜಾಡನ್ನು ಹಿಡಿದು ಕ್ಯಾಪ್ಟೊಪ್ರಿಲ್ ಹುಟ್ಟಿತು. ಅದರ ಬಳಗದ ಎನಾಲಪ್ರಿಲನ್ನು ಉತ್ತರ ಯೂರೋಪಿನಲ್ಲಿ ಅತಿ ತೀವ್ರಾವಸ್ಥೆಯ ೨೫೩ ರೋಗಿಗಳಲ್ಲಿ ಪರೀಕ್ಷಿಸಿದಾಗ, ಆರು ತಿಂಗಳ ಮರಣ ನೂರಕ್ಕೆ ೪೪ರಿಂದ ೨೬ಕ್ಕೆ ಇಳಿಯಿತೆಂದು ೧೯೮೭ರಲ್ಲಿ ಪ್ರಕಟವಾಯಿತು. ಈ ರೋಗದಲ್ಲಿ ಔಷಧಿಯೊಂದು ಆಯುಸ್ಸನ್ನು ನಿಜವಾಗಿ ಬೆಳೆಸುವುದೆಂಬ ಪ್ರಮಾಣವು ದೊರೆತುದು ಈಚೆಗೆ, ಎಂದರೆ ಆ ದಶಕದಲ್ಲಿಯೇ. ಹೃದಯದ ವೇಗವನ್ನು ತಗ್ಗಿಸುವ ಬೀಟಾ ತಡೆಗಳು ದುರ್ಬಲಹೃದಯಕ್ಕೆ ನಿಷಿದ್ಧವೆಂದು ಎಲ್ಲರೂ ಬೋಧಿಸುತ್ತಿದ್ದರು. ಸ್ವೀಡನ್ನಿನ ಕೆಲವರು ೧೯೭೫ರಲ್ಲಿಯೇ ಇದನ್ನು ಮೀರಿ ನಡೆದರು, ೧೯೯೯ರ ಎರಡು ದೊಡ್ಡ ಪರೀಕ್ಷೆಗಳಲ್ಲಿ ಮರಣವು ಮೂರನೆಯ ಒಂದು ಪಾಲು ಕಡಮೆಯಾದುದು ಕಂಡಿತು. ೨೦೧೯ರಲ್ಲಿ ಮಧುಮೇಹದ ಔಷಧಿಯೊಂದು, ಮಧುಮೇಹವಿಲ್ಲದವರಿಗೂ ಕೂಡ, ಈ ಸಾಲಿಗೆ ಸೇರಿತು. ವಿದರಿಂಗನ ಡಿಜಿಟಾಲಿಸ್ ಮಾತ್ರ ಹಿಂದೆ ಸರಿದಿದೆ. ಅದರ ಸತ್ತ್ವವಾದ ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ತಗ್ಗಿಸುವುದೇ ಹೊರತು ಆಯುಸ್ಸನ್ನು ಬೆಳೆಸುವುದಿಲ್ಲವೆಂದು ೧೯೯೭ರಲ್ಲಿ ಸಿದ್ಧವಾಯಿತು.

ಚರಕನ ಉಪ್ಪಿನ ಪಥ್ಯವು ಇವೆಲ್ಲವುಗಳ ಜೊತೆಗೆ ಇನ್ನೂ ಉಳಿದಿದೆ. ಜೋಳದ ರೊಟ್ಟಿಯಿಂದ ಇದಕ್ಕೆ ಭಂಗವಿಲ್ಲ. ರೊಟ್ಟಿಯ ಬಗಲಿಗೆ ಬರುವ ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಂದಲೇ ಭಂಗ. ದಿನವೂ ಬೆಳಗ್ಗೆ ತೂಕ ನೋಡಿಕೊಂಡು, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮೈಯ ಮಾಂಸವಲ್ಲ, ನೀರೆಂದು ತಿಳಿದು ವೈದ್ಯನ ಬಳಿಗೆ ಹೋಗುವುದು ಹೊಸದಾಗಿ ಸೇರಿದ ನಿಯಮ.

ಹೃದಯವು ದುರ್ಬಲವಾಗಲು ರಕ್ತದ ಒತ್ತಡ, ಹೃದಯದ ರಕ್ತನಾಳಗಳ ಅಡಚಣೆ, ಮದ್ಯಪಾನ ಮೊದಲಾದುವು ಎಲ್ಲ ದೇಶಗಳಲ್ಲಿಯೂ ಕಾರಣಗಳೇ. ಸಿರಿವಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾಗಿ ಇಲ್ಲಿ ಉಳಿದ ಕಾರಣವೊಂದುಂಟು: ಕೀಲುವಾತದ ಜ್ವರ. ಬಾಲ್ಯದಲ್ಲಿ ಗಂಟಲು ನೋವು ಬಂದು ಹೋಗುವುದು, ಎರಡು ಮೂರು ವಾರಗಳ ಮೇಲೆ ಮೊಣಕಾಲು, ಮಣಿಕಟ್ಟುಗಳು ಒಂದಾದಮೇಲೊಂದು ಊದುವುವು, ಅದೂ ಇಳಿಯುವುದು. ಆದರೆ ಒಳಗೆ ಹೃದಯದ ಕವಾಟವು ಮುದುರಿಕೊಳ್ಳತೊಡಗುವುದು. ಹುಡುಗಿಯಾದರೆ ಎಷ್ಟೋ ವೇಳೆ ಅದು ಹೊರಬೀಳುವುದು ಮದುವೆಯಾಗಿ ಬಸಿರಾದಾಗ, ಮೈಯ ರಕ್ತದ ಪ್ರಮಾಣವು ಸುಮಾರು ಅರ್ಧದಷ್ಟು ಹೆಚ್ಚಿ, ಇಕ್ಕಟ್ಟಾದ ಮೈಟ್ರಲ್ ಕವಾಟವು ಅದನ್ನು ಸಾಗಿಸಲಾರದೆ ಹೋದಾಗ. ಬಸಿರಿಗೆ ಏದುಸಿರು ಸಹಜವೆಂದು ಮನೆಯವರು ಹೇಳುವರು. ಅವರ ಮಾತು ಬಹುಮಂದಿಗೆ ನಿಜವೂ ಹೌದು. ಆದುದರಿಂದಲೇ ನಿಜವಲ್ಲದ ಒಬ್ಬಳು ಅವರಲ್ಲಿ ಮರೆಯಾಗುವಳು. ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಭಾರತದಲ್ಲಿ ೧೯೫೦ರ ದಶಕದ ಆರಂಭದಿಂದ ನಡೆಯಿತು. ೧೯೮೦ರ ದಶಕದಲ್ಲಿ ಜಪಾನಿನ ಇನೊವೆ ಕಲ್ಪಿಸಿದ ಬಲೂನಿನಿಂದ, ಎದೆಯನ್ನು ಕೊಯ್ಯದೆಯೇ, ತೊಡೆಯ ನಾಳದ ಮೂಲಕ ಅದು ಸಾಧ್ಯವಾಯಿತು. ಇಷ್ಟರವರೆಗೆ ಹೋಗದಂತೆ ತಡೆಯುವ ಉಪಾಯವು ಇವೆಲ್ಲಕ್ಕಿಂತ ಅಗ್ಗದ್ದು. ಕೀಲುವಾತದ ಜ್ವರ ಒಮ್ಮೆ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತಪ್ಪದೆ ಕೊಡುವುದು. ಅದಕ್ಕೆ ಬೆಳಗಾವಿಗೆ ಹೋಗಬೇಕಾದುದೂ ಇಲ್ಲ, ತಾಲೂಕಿನ ಆಸ್ಪತ್ರೆಯೇ ಸಾಕು.