ಬಂದೂಕು ಪರವಾನಗಿ: ಆಳಂದ, ಅಫಜಲಪುರ, ಜೇವರ್ಗಿಗೆ ಅನ್ವಯಿಸುವ ಕಾನೂನು

ಭೀಮಾ ತೀರದ ಸೇಡಿನ ಕಥನಗಳಲ್ಲಿ ನಾಡಪಿಸ್ತೂಲಿನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ಬಂದೂಕಿನ ಪ್ರಶ್ನೆ ಅಪರಾಧ ಜಗತ್ತಿಗಷ್ಟೇ ಸೀಮಿತವಲ್ಲ. ತೊಗರಿ ಹೊಲವನ್ನು ಕಾಡುಹಂದಿಯಿಂದ ಕಾಯಬೇಕಾದ ರೈತನಿಗೂ, ಅಜ್ಜನ ಕಾಲದ ಬಂದೂಕು ಕೈಗೆ ಬಂದ ಮೊಮ್ಮಗನಿಗೂ ಕಾನೂನಿನ ಅರಿವು ಅಗತ್ಯ. ಅರಿವಿನ ಕೊರತೆಯಿಂದ ನಿರಪರಾಧಿಯೂ ಆರೋಪಿಯಾಗುವ ಸಂಭವವುಂಟು.

ಹಿನ್ನೆಲೆ

ಶಸ್ತ್ರ ನಿಯಂತ್ರಣ ಕನ್ನಡ ನಾಡಿಗೆ ಹೊಸದಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಹಲಗಲಿಯ ಬೇಡರು ಬ್ರಿಟಿಷರ ವಿರುದ್ಧ ದಂಗೆಯೆದ್ದದ್ದು ಇತಿಹಾಸ. ಬ್ರಿಟಿಷರು 1878ರಲ್ಲಿ ತಂದ ಕಾಯ್ದೆಯ ಸ್ಥಾನದಲ್ಲಿ ಸ್ವತಂತ್ರ ಭಾರತ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ರೂಪಿಸಿತು. ಇಂದು ಈ ಕಾಯ್ದೆ, 2016ರ ಶಸ್ತ್ರಾಸ್ತ್ರ ನಿಯಮಗಳು ಹಾಗೂ 2019ರ ತಿದ್ದುಪಡಿ ಒಟ್ಟಾಗಿ ಜಾರಿಯಲ್ಲಿವೆ.

ಮೂರು ವರ್ಗಗಳು

ಮೊದಲನೆಯದು ನಿಷೇಧಿತ ಶಸ್ತ್ರ. ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುತ್ತಲೇ ಇರುವ ಸ್ವಯಂಚಾಲಿತ ಬಂದೂಕುಗಳು, ವಿಷಾನಿಲ ಹೊರಸೂಸುವ ಆಯುಧಗಳು, ಫಿರಂಗಿಗಳು ಇದರಲ್ಲಿ ಸೇರುತ್ತವೆ. ಕಲಂ 7ರ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅಧಿಕಾರಪತ್ರವಿಲ್ಲದೆ ಇವನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ.

ಎರಡನೆಯದು ನಿರ್ಬಂಧಿತ ಶಸ್ತ್ರ. ಸೇನೆ ಹಾಗೂ ಪೊಲೀಸರ ಗುಂಡು ಹಿಡಿಸುವ .303 ಮತ್ತು 7.62 ರೈಫಲ್‌ಗಳು, 9 ಎಂಎಂ ಹಾಗೂ .38 ಅಳತೆಯ ಪಿಸ್ತೂಲು, ರಿವಾಲ್ವರ್‌ಗಳು ಈ ವರ್ಗದವು. ಇವುಗಳ ಪರವಾನಗಿ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಉಗ್ರರಿಂದ ಗಂಭೀರ ಹಾಗೂ ಸನ್ನಿಹಿತ ಪ್ರಾಣಭಯವಿದೆಯೆಂದು ಪೊಲೀಸ್ ವರದಿಯಿಂದ ಸ್ಪಷ್ಟವಾಗಬೇಕು. ಊರಿನ ಸಾಧಾರಣ ವೈಷಮ್ಯ ಇದಕ್ಕೆ ಸಾಲದು.

ಮೂರನೆಯದು ಅನುಮತಿಸಬಹುದಾದ ಶಸ್ತ್ರ. .32 ರಿವಾಲ್ವರ್, 12 ಬೋರ್ ಬಂದೂಕು, ಮದ್ದು ತುಂಬುವ ತೋಟಾರಹಿತ ಕೋವಿ ಮುಂತಾದವು ಇಲ್ಲಿವೆ. ಮೂರೂ ತಾಲ್ಲೂಕುಗಳ ನಿವಾಸಿಗಳು ಇದಕ್ಕಾಗಿ ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕು.

ಅಳತೆ ಅನುಮತಿಯುಳ್ಳದ್ದೆಂಬ ಮಾತ್ರಕ್ಕೆ ಆಯುಧ ಸಕ್ರಮವಾಗದು. ಡಾ. ಎಂ.ಎಂ. ಕಲಬುರ್ಗಿ (2015) ಹಾಗೂ ಗೌರಿ ಲಂಕೇಶ್ (2017) ಹತ್ಯೆಗಳಿಗೆ ಬಳಕೆಯಾದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿಯ ಆಧಾರದಲ್ಲಿ ತನಿಖಾ ತಂಡ ನ್ಯಾಯಾಲಯಕ್ಕೆ ತಿಳಿಸಿತ್ತು. 7.65 ಎಂಎಂ ಎಂದರೆ .32 ಅಳತೆಯೇ. ಪರವಾನಗಿ ಪಡೆದ ತಯಾರಕರಿಂದ ಬಾರದ ಆಯುಧಕ್ಕೆ ಪರವಾನಗಿ ಸಿಗುವ ಮಾತೇ ಇಲ್ಲ.

ಅರ್ಹತೆ ಮತ್ತು ದಾಖಲೆ

* ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಮಾನಸಿಕ ಅಸ್ವಸ್ಥರಿಗೂ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಗೊಳಗಾದವರಿಗೂ ಕಾಯ್ದೆಯ ಅಡ್ಡಿಯಿದೆ.
* ಗುರುತು, ವಯಸ್ಸು, ವಾಸಸ್ಥಳದ ದಾಖಲೆ, ವೈದ್ಯರ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ಮುಚ್ಚಳಿಕೆ ಬೇಕು.
* ಪೊಲೀಸ್ ವರದಿ ಕಡ್ಡಾಯ.
* ಆಸ್ತಿ ಸಾಲದೆಂಬ ಏಕೈಕ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಕಲಂ 18ರ ಅನ್ವಯ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿ ಪರವಾನಗಿ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು; ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಬೆಳೆ ರಕ್ಷಣೆ ಮತ್ತು ಪಿತ್ರಾರ್ಜಿತ ಬಂದೂಕು

ಬೆಳೆ ರಕ್ಷಣೆಗೆ ಕೋವಿ ಪರವಾನಗಿಗೆ ಅವಕಾಶವಿದ್ದರೂ ಅದು ಬೇಟೆಯ ಪರವಾನಗಿಯಲ್ಲ. ಕೃಷ್ಣಮೃಗವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹೊಲಕ್ಕೆ ನುಗ್ಗಿತೆಂದು ಅದರ ಮೇಲೆ ಗುಂಡು ಹಾರಿಸಿದರೆ ಪರವಾನಗಿ ರಕ್ಷಣೆ ನೀಡದು.

ಪರವಾನಗಿದಾರ ಮೃತಪಟ್ಟೊಡನೆ ಪರವಾನಗಿ ತಾನಾಗಿ ಮಗನಿಗೆ ದಾಟುವುದಿಲ್ಲ. ತಡಮಾಡದೆ ಬಂದೂಕನ್ನು ಸಮೀಪದ ಠಾಣೆಯಲ್ಲಿ ಅಥವಾ ಅಧಿಕೃತ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆದು, ವಾರಸುದಾರ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಪರವಾನಗಿದಾರನಿಗೆ 70 ವರ್ಷವಾದಾಗ ಅಥವಾ ಬಂದೂಕು 25 ವರ್ಷ ಆತನಲ್ಲಿದ್ದಾಗ, ಆತ ಬದುಕಿರುವಾಗಲೇ ವಾರಸುದಾರನಿಗೆ ವರ್ಗಾವಣೆಗೂ ನಿಯಮದಲ್ಲಿ ಅವಕಾಶವಿದೆ.

ಕೊಡಗಿನ ಉದಾಹರಣೆಯನ್ನು ಇಲ್ಲಿ ನೀಡಿ ಪ್ರಯೋಜನವಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಂದೂಕುಗಳ ಮಟ್ಟಿಗೆ 2029ರವರೆಗೆ ಪರವಾನಗಿ ವಿನಾಯಿತಿ ಇದ್ದು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಕಲಬುರಗಿ ಜಿಲ್ಲೆಗೆ ಅನ್ವಯಿಸದು.

ಶಿಕ್ಷೆ

ಪರವಾನಗಿಯಿಲ್ಲದೆ ಬಂದೂಕು ಹೊಂದಿದರೆ ಕನಿಷ್ಠ 2, ಗರಿಷ್ಠ 5 ವರ್ಷ ಸೆರೆವಾಸ ಹಾಗೂ ದಂಡ. ನಿಷೇಧಿತ ಶಸ್ತ್ರವಾದರೆ 7ರಿಂದ 14 ವರ್ಷ. ಅಕ್ರಮ ತಯಾರಿಕೆ, ಮಾರಾಟಕ್ಕೆ 7 ವರ್ಷದಿಂದ ಜೀವಾವಧಿಯವರೆಗೆ. ಮದುವೆ, ಮೆರವಣಿಗೆಗಳಲ್ಲಿ ಅಜಾಗರೂಕತೆಯಿಂದ ಹರ್ಷದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ, ಬಂದೂಕು ಸಕ್ರಮವಾಗಿದ್ದರೂ, 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆ ಘೋಷಣೆಯಾದಾಗ ಶಸ್ತ್ರ ಠೇವಣಿಗೆ ಜಿಲ್ಲಾಡಳಿತ ಆದೇಶಿಸುವುದುಂಟು. ಆಗಲೂ ರಸೀದಿಯನ್ನು ಜೋಪಾನವಾಗಿಡುವುದು ಪರವಾನಗಿದಾರನ ಹಿತಕ್ಕೆ ಒಳ್ಳೆಯದು.