ರಾಜಕುಮಾರನ ಮೂಲಪ್ರತಿ

ತೊಂಬತ್ತರ ದಶಕದಲ್ಲಿ ಶಾಲೆಯ ಕಂಪ್ಯೂಟರ್ ಕೊಠಡಿ ಹೊಕ್ಕಿದ್ದ ನನ್ನ ವಿದ್ಯಾರ್ಥಿಗಳಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಪರಿಚಯ ಹೇಳಬೇಕಾಗಿಲ್ಲ. ಬಿಳಿಯುಡುಪಿನ ತರುಣನೊಬ್ಬ ನೆಲಮಾಳಿಗೆಯ ಸೆರೆಯಿಂದ ಹೊರಟು, ಹೊಂಡಗಳನ್ನು ನೆಗೆದು, ಕಾವಲುಗಾರರನ್ನು ಕತ್ತಿಯಿಂದ ಗೆದ್ದು, 60 ನಿಮಿಷದೊಳಗೆ ರಾಜಕುಮಾರಿಯನ್ನು ಸೇರಬೇಕು. ಆ ಆಟದ ಪ್ರತಿಗಳು ಫ್ಲಾಪಿಯಿಂದ ಫ್ಲಾಪಿಗೆ ದಾಟಿ ಜಗತ್ತೆಲ್ಲ ಹರಡಿದವು. ವಿಚಿತ್ರವೆಂದರೆ, ಅದರ ಮೂಲಪ್ರತಿ ಮಾತ್ರ ಬರೆದವನ ಕೈಯಲ್ಲೇ ಉಳಿದಿರಲಿಲ್ಲ.

ಬರೆದವನು ಅಮೆರಿಕದ ಜೋರ್ಡಾನ್ ಮೆಕ್ನರ್. 1985ರಲ್ಲಿ ತಮ್ಮ ಡೇವಿಡ್‌ಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೋ ಚಿತ್ರ ತೆಗೆದು, ಅದರ ಒಂದೊಂದು ಭಂಗಿಯನ್ನೂ ತೆರೆಯ ಮೇಲಿನ ಚಿತ್ರವಾಗಿಸಿದ. ಸಂಗೀತ ತಂದೆ ಫ್ರಾನ್ಸಿಸ್ ಅವರದು. ಆಟ 1989ರಲ್ಲಿ ಆಪಲ್ 2 ಯಂತ್ರಕ್ಕಾಗಿ ಹೊರಬಂತು. ಆ ಯಂತ್ರದ ಕಾಲ ಆಗಲೇ ಮುಗಿಯುತ್ತ ಬಂದಿದ್ದುದರಿಂದ ಮೊದಲಿಗೆ ಮಾರಾಟವೂ ಅಷ್ಟಕ್ಕಷ್ಟೆ. ನಾಯಕನನ್ನು ಕಾಡುವ ಆ ನೆರಳಿನ ಮನುಷ್ಯ ನೆನಪಿರಬೇಕಲ್ಲ? ಇನ್ನೊಬ್ಬ ಎದುರಾಳಿಯ ಚಿತ್ರಗಳಿಗೆ ಯಂತ್ರದ ಸ್ಮೃತಿಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ನಾಯಕನ ಚಿತ್ರವನ್ನೇ ಬೇರೆ ರೀತಿಯಲ್ಲಿ ಮೂಡಿಸಿ ಅವನನ್ನು ಹುಟ್ಟಿಸಲಾಯಿತು. ಬಡತನವು ಬುದ್ಧಿಯನ್ನು ಹರಿತಗೊಳಿಸಿದ್ದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನನಗೆ ತಿಳಿದಿಲ್ಲ.

ಆಟದ ಪ್ರತಿ ಇದ್ದಮೇಲೆ ಮೂಲವೇಕೆ ಎಂದು ಕೇಳಬಹುದು. ಅಂಗಡಿಯಲ್ಲಿ ಮಾರಿದ ಫ್ಲಾಪಿಯಲ್ಲಿದ್ದುದು ಯಂತ್ರಕ್ಕೆ ತಿಳಿಯುವ ಅಂಕಿಗಳು ಮಾತ್ರ. ಮೆಕ್ನರ್ ಬರೆದುಕೊಂಡ ಹೆಸರುಗಳು, ಯಾವ ಭಾಗ ಏತಕ್ಕೆ ಎಂಬ ಟಿಪ್ಪಣಿಗಳು ಅದರಲ್ಲಿಲ್ಲ. ಮೂಲದಿಂದ ಅಂಕಿಗಳನ್ನು ಪಡೆಯಬಹುದು; ಅಂಕಿಗಳಿಂದ ಬರೆದವನ ಮನಸ್ಸನ್ನು ಮರಳಿ ಪಡೆಯಲಾಗದು.

ಸುಮಾರು ಹತ್ತು ವರ್ಷ ಹುಡುಕಿದರೂ ಸಿಗದಿದ್ದ ಅದು 2012ರ ಮಾರ್ಚ್‌ನಲ್ಲಿ ತಂದೆಯ ಮನೆಯ ಕಪಾಟಿನಲ್ಲಿ ಸಿಕ್ಕಿತು. ಸ್ಪೇನಿನಲ್ಲಿ ಹೊರಬಂದಿದ್ದ ಆಟಗಳ ಹಳೆಯ ಪ್ರತಿಗಳ ನಡುವೆ, ಮೂರೂವರೆ ಅಂಗುಲದ ಫ್ಲಾಪಿಗಳ ಪುಟ್ಟ ಡಬ್ಬಿಗಳು! ಮಗ ಕಳೆದುಕೊಂಡದ್ದನ್ನು ತಂದೆಯ ಮನೆ ಕಾಪಾಡಿತ್ತು.

ಸಿಕ್ಕರೆ ಸಾಕೆ, ಓದಬೇಡವೆ? ಫ್ಲಾಪಿಯೆಂದರೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಕಾಂತೀಯ ಪುಡಿಯ ಲೇಪ. ವರ್ಷ ಕಳೆದಂತೆ ಕಾಂತಶಕ್ತಿ ಕುಂದುತ್ತದೆ, ಲೇಪ ಸಡಿಲವಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಾದರೆ ಬೂಷ್ಟೂ ಹಿಡಿಯುತ್ತದೆ. ಓದುವ ಸಾಧನ ಬಿಲ್ಲೆಯನ್ನು ಮುಟ್ಟಿಕೊಂಡೇ ಓದುವುದರಿಂದ, ಜೀರ್ಣವಾದ ಫ್ಲಾಪಿಯನ್ನು ಓದುವ ಯತ್ನವೇ ಅದರ ಲೇಪವನ್ನು ಕೆರೆದುಹಾಕಬಹುದು. ಅದಕ್ಕಾಗಿ ಬಲ್ಲವರು ಒಂದೊಂದೇ ಕಡತ ತೆರೆದು ನೋಡುವುದಿಲ್ಲ. ಇಡೀ ಬಿಲ್ಲೆಯ ಪಡಿಯಚ್ಚನ್ನು ಒಮ್ಮೆಗೇ ತೆಗೆದು, ಮುಂದಿನ ಕೆಲಸವನ್ನು ಅದರ ಮೇಲೆ ಮಾಡುತ್ತಾರೆ. ಇನ್ನೊಂದು ತೊಡಕು ಯಂತ್ರದ್ದು. ಆಪಲ್‌ನ 800 ಕಿಲೋಬೈಟ್ ಫ್ಲಾಪಿ ಹೊರಸುತ್ತಿನಲ್ಲಿ ನಿಧಾನವಾಗಿ, ಒಳಸುತ್ತಿನಲ್ಲಿ ವೇಗವಾಗಿ ತಿರುಗುತ್ತದೆ. ಹೊರಸುತ್ತು ಉದ್ದವಾದ್ದರಿಂದ ಅಲ್ಲಿ 12 ವಿಭಾಗಗಳು, ತೀರ ಒಳಗೆ 8. ಒಂದೇ ವೇಗದಲ್ಲಿ ತಿರುಗಿಸುವ ನಮ್ಮ ಸಾಮಾನ್ಯ ಪಿ.ಸಿ.ಗಳು, ಗಾತ್ರ ಒಂದೇ ಆದರೂ, ಅದನ್ನು ಓದಲಾರವು.

ಆದ್ದರಿಂದ ಹಳೆಯ ಆಪಲ್ ಯಂತ್ರಗಳನ್ನು ಜತನವಾಗಿಟ್ಟುಕೊಂಡಿದ್ದ ಟೋನಿ ಡಿಯಾಜ್, ಗಣಕ ಇತಿಹಾಸದ ಸಂಗ್ರಾಹಕ ಜೇಸನ್ ಸ್ಕಾಟ್ ಇಬ್ಬರೂ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಮೆಕ್ನರ್ ಮನೆಗೆ ಸಲಕರಣೆ ಹೊತ್ತು ಬಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕತ್ತಲಲ್ಲಿದ್ದ ಬಿಲ್ಲೆಗಳು ಮಾತಾಡಿದವು. ಏಪ್ರಿಲ್ 17ರಂದು ಮೆಕ್ನರ್ ಅದನ್ನು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟ.

ಕಂಪ್ಯೂಟರ್ ವೃತ್ತಿಯಲ್ಲಿರುವ ಶಿಷ್ಯನೊಬ್ಬ ಆ ಪುಟಗಳನ್ನು ನನಗೆ ತೋರಿಸಿದ. ನನಗೆ ಅರ್ಥವಾದದ್ದು ನಕ್ಷತ್ರ ಚಿಹ್ನೆಯ ಮುಂದಿನ ಇಂಗ್ಲಿಷ್ ಟಿಪ್ಪಣಿಗಳಷ್ಟೆ. ಯಂತ್ರ ಅವನ್ನು ಓದುವುದೇ ಇಲ್ಲವಂತೆ, ಮನುಷ್ಯರಿಗಾಗಿಯೇ ಬರೆದವಂತೆ.