ಅಂಗಾಲಿನ ಕಪ್ಪು ಕಲೆಗೆ ವಂಶವಾಹಿ ಏನು ಹೇಳಬಲ್ಲದು?

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ: ಚರ್ಮದ ತೊಂದರೆ ಹೇಳಿಕೊಂಡು ಇಲ್ಲಿಗೆ ಬರುವವರಲ್ಲಿ ಹುಳುಕಡ್ಡಿ, ಕಜ್ಜಿ, ತೊನ್ನಿನವರೇ ಹೆಚ್ಚು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಹಳ ಅಪರೂಪ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಹೀಗೆ ಅಪರೂಪವಾಗಿರುವುದೇ ಬಂದವರ ಪಾಲಿಗೆ ಮುಳುವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಬಿಸಿಲಿಗೆ ಸುಟ್ಟ ಬೆನ್ನು, ತೋಳುಗಳಲ್ಲಿ ಕಾಣಿಸುವ ಈ ರೋಗ ನಮ್ಮಲ್ಲಿ ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಹುಟ್ಟುತ್ತದೆ. ಅಂಗಾಲಿನಲ್ಲಿ ಕಂಡರೆ ಆಣಿ ಎಂದುಕೊಂಡು ಪ್ಲಾಸ್ಟರ್ ಅಂಟಿಸುತ್ತಾರೆ. ಬೆರಳಿನಲ್ಲಿ ಕಂಡರೆ ಉಗುರುಸುತ್ತು ಎಂದು ನಿಂಬೆಹಣ್ಣು ಸಿಕ್ಕಿಸುತ್ತಾರೆ. ಸಕ್ಕರೆ ಕಾಯಿಲೆಯವರಾದರೆ ‘ಶುಗರ್ ಹುಣ್ಣು’ ಎಂದು ತಿಂಗಳುಗಟ್ಟಲೆ ಡ್ರೆಸ್ಸಿಂಗ್ ನಡೆಯುತ್ತದೆ. ಕೊನೆಗೊಮ್ಮೆ ಬಯಾಪ್ಸಿಯ ವರದಿ ಕೈಗೆ ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಉಳೀತಾರಾ ಡಾಕ್ಟ್ರೇ?’

ಈ ಪ್ರಶ್ನೆಗೆ ಅಳತೆಯ ಉತ್ತರ ಸಿಗತೊಡಗಿದ್ದು ಐವತ್ತೈದು ವರ್ಷಗಳಿಂದೀಚೆಗೆ. 1969ರಲ್ಲಿ ಅಮೆರಿಕದ ವ್ಯಾಲೆಸ್ ಕ್ಲಾರ್ಕ್, ಗಡ್ಡೆ ಚರ್ಮದ ಎಷ್ಟನೆಯ ಪದರಕ್ಕೆ ಇಳಿದಿದೆ ಎಂಬುದರ ಮೇಲೆ ಐದು ಮಟ್ಟಗಳನ್ನು ಗುರುತಿಸಿದರು. ಮರುವರ್ಷ ಅಲೆಕ್ಸಾಂಡರ್ ಬ್ರೆಸ್ಲೋ ಇನ್ನೂ ಸರಳವಾದ ದಾರಿ ತೋರಿಸಿದರು. ಪ್ಯಾಥಾಲಜಿಸ್ಟ್ ಸೂಕ್ಷ್ಮದರ್ಶಕದ ಕಣ್ಣಿನಲ್ಲಿರುವ ಅಳತೆಪಟ್ಟಿಯನ್ನು ಸ್ಲೈಡಿನ ಮೇಲೆ ಹೊಂದಿಸಿ, ಹೊರಚರ್ಮದ ಕಣಪದರದಿಂದ ಹಿಡಿದು ಎಲ್ಲಕ್ಕಿಂತ ಆಳದಲ್ಲಿರುವ ಕ್ಯಾನ್ಸರ್ ಕೋಶದವರೆಗೆ ನೆಟ್ಟಗೆ ಅಳೆದು, ಮಿಲಿಮೀಟರಿನ ಹತ್ತನೇ ಭಾಗದವರೆಗೆ ಬರೆಯುತ್ತಾರೆ. ಬ್ರೆಸ್ಲೋ ದಪ್ಪ ಎಂದರೆ ಇಷ್ಟೇ. 0.8 ಮಿ.ಮೀ.ಗಿಂತ ತೆಳುವಾಗಿದ್ದು, ಮೇಲೆ ಹುಣ್ಣಾಗಿರದಿದ್ದರೆ ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುತ್ತಾರೆ. 4 ಮಿ.ಮೀ. ದಾಟಿದ್ದರೆ ಮಾತೇ ಬೇರೆ. 1992ರಲ್ಲಿ ಡೊನಾಲ್ಡ್ ಮಾರ್ಟನ್ ಗಡ್ಡೆಗೆ ಹತ್ತಿರದ ಕಾವಲು ದುಗ್ಧಗ್ರಂಥಿಯೊಂದನ್ನೇ ತೆಗೆದು ಪರೀಕ್ಷಿಸುವ ವಿಧಾನ ತಂದರು. ರೋಗ ಎಷ್ಟು ಹರಡಿದೆ ಎಂದು ಹೇಳುವ, 2018ರಿಂದ ಜಾರಿಯಲ್ಲಿರುವ ಹಂತಗಳ ಪಟ್ಟಿಯ ಪ್ರಕಾರ ಮೂರನೇ ಹಂತದೊಳಗೇ ಅಗಾಧ ಅಂತರವಿದೆ. ಅದರ ಮೊದಲ ಉಪಹಂತದವರಲ್ಲಿ ಐದು ವರ್ಷ ಬದುಕುವವರು ಶೇ. 93, ಕೊನೆಯ ಉಪಹಂತದವರಲ್ಲಿ ಶೇ. 32.

ಒಂದೇ ಹಂತ, ಒಂದೇ ದಪ್ಪ. ಆದರೂ ಒಬ್ಬರು ಇಪ್ಪತ್ತು ವರ್ಷ ಬದುಕುತ್ತಾರೆ, ಇನ್ನೊಬ್ಬರು ಎರಡೇ ವರ್ಷಕ್ಕೆ ತೀರಿಕೊಳ್ಳುತ್ತಾರೆ. ಏಕೆ? ವಂಶವಾಹಿಗಳ ಹುಡುಕಾಟ ಶುರುವಾದದ್ದು ಇಲ್ಲಿಂದ.

1994ರಲ್ಲಿ ಸಿಕ್ಕ ಸಿಡಿಕೆಎನ್2ಎ ಎಂಬ ವಂಶವಾಹಿ, ಕೆಲವು ಮನೆತನಗಳಲ್ಲಿ ರೋಗ ಏಕೆ ಮರುಕಳಿಸುತ್ತದೆ ಎಂಬುದನ್ನು ವಿವರಿಸಿತು. ದೊಡ್ಡ ತಿರುವು ಬಂದದ್ದು 2002ರಲ್ಲಿ. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡ ಬಿ-ರಾಫ್ ಎಂಬ ವಂಶವಾಹಿಯಲ್ಲಿ, ಒಂದೇ ಜಾಗದಲ್ಲಿ ಆಗುವ ಒಂದಕ್ಷರದ ಬದಲಾವಣೆಯನ್ನು ಪತ್ತೆ ಮಾಡಿತು. ಬಿಳಿಯರ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದು ಇರುತ್ತದೆ. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಸಂಕೇತ ಅಲ್ಲಿಂದ ಮುಂದೆ ನಿಲ್ಲುವುದೇ ಇಲ್ಲ. ಈ ಬದಲಾವಣೆಯಿದ್ದು ರೋಗ ಹರಡಿದವರ ಆಯಸ್ಸು ಕಡಿಮೆ ಎಂದು ಮೊದಮೊದಲು ಕಂಡಿತು. 2011ರಲ್ಲಿ, ಅದನ್ನೇ ಗುರಿಯಾಗಿಸಿದ ವೆಮುರಾಫೆನಿಬ್‌ನಂಥ ಮಾತ್ರೆಗಳು ಬಂದ ಹೊತ್ತಿಗೆ, ಸಿಡ್ನಿಯ ಜಾರ್ಜಿನಾ ಲಾಂಗ್ ಮತ್ತು ಸಂಗಡಿಗರು ಬೇರೆಯದೇ ಚಿತ್ರ ಕೊಟ್ಟರು. ಬದಲಾವಣೆ ಇದ್ದು ಮಾತ್ರೆಯೂ ಸಿಕ್ಕವರು, ಅದೇ ಬದಲಾವಣೆ ಇದ್ದು ಮಾತ್ರೆ ಸಿಗದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಕೆಟ್ಟ ಸುದ್ದಿಯಾಗಿದ್ದ ಗುರುತೇ ಔಷಧ ಬಂದೊಡನೆ ಆಸೆಯ ಗುರುತಾಯಿತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಮುಖ್ಯ ಪಾಠ ಇದು. ವಂಶವಾಹಿಯೊಂದೇ ಆಯಸ್ಸನ್ನು ಬರೆಯುವುದಿಲ್ಲ. ಆ ರೋಗಿಗೆ ಯಾವ ಚಿಕಿತ್ಸೆ ಸಿಕ್ಕಿತು ಎಂಬುದೂ ಅದರ ಜೊತೆ ಸೇರಿ ಬರೆಯುತ್ತದೆ.

2013ರಲ್ಲಿ ಟರ್ಟ್ ಎಂಬ ವಂಶವಾಹಿಯ ನಿಯಂತ್ರಕ ಭಾಗದಲ್ಲಿ ಬದಲಾವಣೆಗಳು ಸಿಕ್ಕವು. ಬಿ-ರಾಫ್ ಜೊತೆ ಅದೂ ಸೇರಿದ್ದರೆ ರೋಗ ಉಗ್ರ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಆದರೆ 2015ರಲ್ಲಿ 331 ರೋಗಿಗಳ ಗಡ್ಡೆಗಳನ್ನು ಆಮೂಲಾಗ್ರವಾಗಿ ಓದಿದ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಅನೇಕರನ್ನು ಅಚ್ಚರಿಗೊಳಿಸಿತು. ಅವರು ಗಡ್ಡೆಗಳನ್ನು ಬಿ-ರಾಫ್, ರಾಸ್, ಎನ್‌ಎಫ್1, ಈ ಮೂರೂ ಇಲ್ಲದವು ಎಂದು ನಾಲ್ಕು ಗುಂಪು ಮಾಡಿದ್ದರು. ಬದುಕುಳಿಯುವಿಕೆಗೂ ಈ ಗುಂಪುಗಳಿಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಗಡ್ಡೆಯೊಳಗೆ ನುಗ್ಗಿದ್ದ ರೋಗನಿರೋಧಕ ಬಿಳಿರಕ್ತಕಣಗಳ ಜೊತೆ. ಅವುಗಳ ವಂಶವಾಹಿಗಳು ಚುರುಕಾಗಿದ್ದ ಗಡ್ಡೆಗಳ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಇಮ್ಯುನೊಥೆರಪಿ ಔಷಧಗಳು ಆ ಹೊತ್ತಿಗಾಗಲೇ ಬಂದಿದ್ದವು: 2011ರಲ್ಲಿ ಇಪಿಲಿಮುಮ್ಯಾಬ್, 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್. ಹರಡಿದ ರೋಗವಿದ್ದವರ ಮಧ್ಯಮ ಆಯುಷ್ಯ ಅದಕ್ಕೆ ಮುಂಚೆ ಒಂದು ವರ್ಷವನ್ನೂ ಮುಟ್ಟುತ್ತಿರಲಿಲ್ಲ. ಇಪಿಲಿಮುಮ್ಯಾಬ್–ನಿವೊಲುಮ್ಯಾಬ್ ಜೋಡಿಯನ್ನು ಪಡೆದವರಲ್ಲಿ ಅದು ಸುಮಾರು ಆರು ವರ್ಷಕ್ಕೆ ಏರಿತು.

2015ರಲ್ಲೇ 31 ವಂಶವಾಹಿಗಳ ಪರೀಕ್ಷೆಯೊಂದು ಪ್ರಕಟವಾಯಿತು. ಮೇಣದ ಬ್ಲಾಕಿನಲ್ಲಿ ಉಳಿಸಿಟ್ಟ ಗಡ್ಡೆಯ ತೆಳುಪದರದಿಂದ ಆರ್‌ಎನ್‌ಎ ತೆಗೆದು, ಯಾವ ವಂಶವಾಹಿ ಎಷ್ಟು ಜೋರಾಗಿದೆ ಎಂದು ಲೆಕ್ಕ ಹಾಕಿ, ರೋಗಿ ಕಡಿಮೆ ಅಪಾಯದವರೋ ಹೆಚ್ಚಿನ ಅಪಾಯದವರೋ ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿದ್ದರೂ, ಸ್ಲೈಡಿನ ಅಳತೆಗೆ ಇದು ಬದಲಿಯಲ್ಲ ಎಂದು ಅಲ್ಲಿನ ಚಿಕಿತ್ಸಾ ಮಾರ್ಗಸೂಚಿಗಳೇ ಎಚ್ಚರಿಸುತ್ತವೆ. ಈ ಬಗೆಯ ಪರೀಕ್ಷೆ ನಿಜಕ್ಕೂ ಗೆದ್ದಿರುವುದು ಕಣ್ಣಿನ ಮೆಲನೋಮಾದಲ್ಲಿ. ಗಡ್ಡೆಯ ಕೋಶಗಳು ಮೂರನೇ ವರ್ಣತಂತುವಿನ ಒಂದು ಪ್ರತಿಯನ್ನು ಕಳೆದುಕೊಂಡಿದ್ದರೆ ರೋಗ ಪಿತ್ತಜನಕಾಂಗಕ್ಕೆ ಹರಡುವ ಸಂಭವ ಹೆಚ್ಚು ಎಂದು 1996ರಲ್ಲೇ ಗೊತ್ತಾಗಿತ್ತು. 2010ರಲ್ಲಿ, ಹೀಗೆ ಹರಡುವುದರ ಜೊತೆ ನಂಟಿರುವ ಬ್ಯಾಪ್-1 ಎಂಬ ವಂಶವಾಹಿ ಸಿಕ್ಕಿತು. ಹರಡಿದ ಕಣ್ಣಿನ ಮೆಲನೋಮಾಕ್ಕೆ 2022ರಲ್ಲಿ ಅಮೆರಿಕ ಟೆಬೆಂಟಾಫಸ್ಪ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದು ಎಚ್‌ಎಲ್‌ಎ-ಎ*02:01 ಎಂಬ, ರೋಗನಿರೋಧಕ ವ್ಯವಸ್ಥೆಯ ವಂಶವಾಹಿಯ ಒಂದು ನಿರ್ದಿಷ್ಟ ಬಗೆ ಇರುವವರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಯೂರೋಪ್ ಮೂಲದವರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಆ ಬಗೆ ಇದೆ; ಭಾರತೀಯರಲ್ಲಿ ಅಷ್ಟಿಲ್ಲ.

ನಮ್ಮ ಅಂಗಾಲಿನ ರೋಗದಲ್ಲೂ ಇಂಥದೇ ತೊಡಕು. ಬೋರಿಸ್ ಬಾಸ್ಟಿಯನ್ ಮತ್ತು ಜಾನ್ ಕರ್ಟಿನ್ 2005ರಲ್ಲೇ, ಬಿಸಿಲಿನ ಮೆಲನೋಮಾ ಬೇರೆ, ಅಂಗೈ–ಅಂಗಾಲಿನದು ಬೇರೆ ಎಂದು ವಂಶವಾಹಿಗಳ ಮಟ್ಟದಲ್ಲಿ ತೋರಿಸಿದರು. ಮರುವರ್ಷ ಅಂಗಾಲಿನ ಕೆಲವು ಗಡ್ಡೆಗಳಲ್ಲಿ ಕಿಟ್ ಎಂಬ ವಂಶವಾಹಿ ಕೆಟ್ಟಿರುವುದು ಕಂಡಿತು. ಇಲ್ಲಿ ಬಿ-ರಾಫ್ ಬದಲಾವಣೆ ಕಡಿಮೆ. ಬಿಸಿಲು ಬಿಡುವ ಸಾವಿರಾರು ಅಕ್ಷರದೋಷಗಳಿಲ್ಲ. ಬದಲಿಗೆ ವರ್ಣತಂತುಗಳೇ ತುಂಡಾಗಿ ಅಡ್ಡಾದಿಡ್ಡಿ ಸೇರಿಕೊಂಡಿರುತ್ತವೆ. ಅಕ್ಷರದೋಷ ಕಡಿಮೆಯಾದಷ್ಟೂ ರೋಗನಿರೋಧಕ ಕಣಗಳಿಗೆ ಗಡ್ಡೆಯನ್ನು ಪರಕೀಯವೆಂದು ಗುರುತಿಸುವುದು ಕಷ್ಟ. ಹಾಗಾಗಿ ಇಮ್ಯುನೊಥೆರಪಿಯ ಫಲವೂ ಕಡಿಮೆ. ಅಮೆರಿಕದ ದಾಖಲೆಗಳ ಮೇಲೆ 2009ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಈ ಬಗೆಯವರಲ್ಲಿ ಐದು ವರ್ಷ ಬದುಕಿದವರು ಶೇ. 80.3, ಚರ್ಮದ ಎಲ್ಲ ಮೆಲನೋಮಾಗಳನ್ನು ಒಟ್ಟಿಗೆ ತೆಗೆದುಕೊಂಡರೆ ಶೇ. 91.3. ಈ ಅಂತರಕ್ಕೆ ತಡವಾಗಿ, ದಪ್ಪವಾದ ಮೇಲೆ ಪತ್ತೆಯಾಗುವುದೇ ಒಂದು ದೊಡ್ಡ ಕಾರಣ.

ಬೆಂಗಳೂರಿಗೆ ಈ ಕೆಲಸ ಹೊಸದೇನಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ನಡೆಸುತ್ತಿದೆ. ಆಂಕೊಸ್ಟೆಮ್ ಎಂಬ ಇಲ್ಲಿನದೇ ಕಂಪನಿ ಸ್ತನ ಕ್ಯಾನ್ಸರ್ ಐದು ವರ್ಷದೊಳಗೆ ಮರುಕಳಿಸುವ ಸಂಭವವನ್ನು ಐದು ಪ್ರೋಟೀನುಗಳಿಂದ ಅಂದಾಜಿಸುವ ಪರೀಕ್ಷೆ ರೂಪಿಸಿತು. ಅದಕ್ಕೆ ಆಧಾರವಾದದ್ದು ಆಸ್ಪತ್ರೆಗಳಲ್ಲಿ ಜೋಪಾನವಾಗಿದ್ದ ಹಳೆಯ ಬ್ಲಾಕುಗಳು ಮತ್ತು ಆ ರೋಗಿಗಳು ಮುಂದೆ ಏನಾದರು ಎಂಬ ದಾಖಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತಗೊಳಿಸಿತು. ಅವು ಗಡ್ಡೆಯ ಜೀನೋಮುಗಳಲ್ಲ. ಆದರೂ ಗಡ್ಡೆಯಲ್ಲಿ ಕಂಡ ಬದಲಾವಣೆ ಕ್ಯಾನ್ಸರಿನದೋ, ನಮ್ಮ ಜನರಲ್ಲಿ ಹುಟ್ಟಿನಿಂದಲೇ ಸಾಮಾನ್ಯವಾಗಿರುವುದೋ ಎಂದು ಬೇರ್ಪಡಿಸಲು ಅವು ಬೇಕೇ ಬೇಕು.

ಅಪರೂಪದ ರೋಗವಾದ್ದರಿಂದ ಒಂದೊಂದು ಆಸ್ಪತ್ರೆಯ ಬೆರಳೆಣಿಕೆಯ ರೋಗಿಗಳಿಂದ ಯಾವ ಲೆಕ್ಕವೂ ಹುಟ್ಟದು. ಬೌರಿಂಗ್, ಕಿದ್ವಾಯಿ, ಖಾಸಗಿ ಆಸ್ಪತ್ರೆಗಳು ಅಂಗಾಲಿನ ಮೆಲನೋಮಾದ ಬ್ಲಾಕುಗಳನ್ನು ಎಸೆಯದೆ ಒಂದೆಡೆ ಸೇರಿಸಲಿ. ಶಸ್ತ್ರಚಿಕಿತ್ಸೆಯಾಗಿ ಊರಿಗೆ ಹೋದವರಿಗೆ ಐದು ವರ್ಷ ಫೋನ್ ಮಾಡಿ ವಿಚಾರಿಸುವ ಒಬ್ಬ ನೌಕರನ ಸಂಬಳಕ್ಕೆ ಸರ್ಕಾರ ಹಣ ಕೊಡಲಿ. ಇಷ್ಟು ನಡೆದರೆ ನಮ್ಮ ಕಾಲಿನ ರೋಗಕ್ಕೆ ನಮ್ಮದೇ ಗುರುತುಗಳು ಸಿಕ್ಕಾವು. ಅಲ್ಲಿಯವರೆಗೆ ಮಿಲಿಮೀಟರಿನ ಲೆಕ್ಕವೇ ನಮಗಿರುವ ಅತ್ಯುತ್ತಮ ಸೂಚಕ, ಅದನ್ನು ಚಿಕ್ಕದಾಗಿಡುವುದು ನಮ್ಮ ಕೈಯಲ್ಲೂ ಇದೆ. ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹರಡುತ್ತಿರುವ ಕಪ್ಪು ಕಲೆ, ತಿಂಗಳಾದರೂ ಮಾಯದ ಹುಣ್ಣು, ಉಗುರಿನಿಂದ ಪಕ್ಕದ ಚರ್ಮಕ್ಕೆ ಇಳಿದ ಕಪ್ಪು ಗೆರೆ ಕಂಡರೆ ಪ್ಲಾಸ್ಟರ್ ಅಂಟಿಸಬೇಡಿ. ಚರ್ಮರೋಗ ತಜ್ಞರ ಬಳಿ ಕರೆದೊಯ್ದು, ಬಯಾಪ್ಸಿ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.